ಮೊಬೈಲಲ್ಲಿ ಪ್ಲಸ್ 22, ಪ್ಲಗ್ ನೋಡಿದರೆ ಕಪ್ಪು

"ಗಾಡಿ ಹಸಿದಿದೆ ಅಂತ ನಿಮ್ಮ ಮೊಬೈಲ್ ಹೇಳ್ತಿದೆ. ಪ್ಲಗ್ ನೋಡಿದ್ರೆ ತಿಂದು ತೇಗಿದೆ. ಈಗ ಯಾರ ಮಾತು ಕೇಳೋಣ ಸಾರ್?"

ಹನುಮಂತನಗರದ ಹಳೇ ಗ್ಯಾರೇಜಿನ ಯಜಮಾನರು ಹೀಗಂದು ನನ್ನ ಕಾರಿನ ಸ್ಪಾರ್ಕ್ ಪ್ಲಗ್ಗನ್ನು, ಅಂದರೆ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಭಾಗವನ್ನು, ನನ್ನ ಕೈಗೇ ಕೊಟ್ಟರು. ತುದಿಯಲ್ಲಿ ಒಣಗಿದ ಮಸಿ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ಉಳಿದ ಮೂರು ಪ್ಲಗ್ಗಿನದೂ ಅದೇ ಕಥೆ. ಇಂಥ ಮಸಿ ಕಟ್ಟಿದೆ ಅಂದರೆ ಪೆಟ್ರೋಲ್ ಜಾಸ್ತಿಯಾಗಿದೆ ಅಂತ. ಈ ವಾರ ಪೂರ್ತಿ ನನಗೆ ಇದೇ ಮಾತು, ಇದೇ ಮಸಿ ನೆನಪಾಗುತ್ತಿದೆ.

ಗಾಡಿ 2013ರದ್ದು, ಪೆಟ್ರೋಲ್. 15 ಕೊಡುತ್ತಿದ್ದ ಮೈಲೇಜು 12ಕ್ಕೆ ಇಳಿದಿತ್ತು, ಮೇಲಿಂದ ಚೆಕ್ ಎಂಜಿನ್ ಲೈಟ್ ಬೇರೆ. ನನ್ನ ಭಾವಮೈದ ಆನ್‌ಲೈನಲ್ಲಿ ಬ್ಲೂಟೂತ್ ಸ್ಕ್ಯಾನರ್ ತರಿಸಿದ ದಿನದಿಂದ ಅರ್ಧ ಎಂಜಿನಿಯರ್ ಆಗಿಬಿಟ್ಟಿದ್ದಾನೆ. ಅದನ್ನು ಸ್ಟೀರಿಂಗ್ ಕೆಳಗೆ ಸಿಕ್ಕಿಸಿ, "ಭಾವ, ಪಿ0171, ಮಿಕ್ಸ್ಚರ್ ಲೀನ್" ಅಂದ. ಪಿ0171 ಅನ್ನೋದು ಗಾಡಿ ತೋರಿಸುವ ದೋಷದ ಕೋಡ್. ಲೀನ್ ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. 1 ಕೆಜಿ ಪೆಟ್ರೋಲಿಗೆ ಸುಮಾರು 14.7 ಕೆಜಿ ಗಾಳಿ ಬೇಕು. ಈ ಲೆಕ್ಕ ತಪ್ಪಿತಾ ಅಂತ ನೋಡೋದಕ್ಕೆ ಸೈಲೆನ್ಸರ್ ಕಡೆ ಹೋಗುವ ಹೊಗೆಯಲ್ಲಿ ಒಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಅದಕ್ಕೆ ಆಕ್ಸಿಜನ್ ಜಾಸ್ತಿ ಕಂಡರೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪೆಟ್ರೋಲ್ ಏರಿಸುತ್ತಾ ಹೋಗುತ್ತದೆ. ಶೇಕಡಾ ಎಷ್ಟು ಏರಿಸಿತು, ಇಳಿಸಿತು ಅನ್ನುವುದೇ ಫ್ಯುಯೆಲ್ ಟ್ರಿಮ್. ಅದು ಸೊನ್ನೆಯ ಆಚೀಚೆ ಐದರೊಳಗಿದ್ದರೆ ಒಳ್ಳೆಯದು, ಹತ್ತರ ತನಕ ನಡೆಯುತ್ತದೆ. ನಮ್ಮದು ಐಡಲಿನಲ್ಲಿ ಪ್ಲಸ್ 22.

ಮೊದಲು ಹೋಗಿದ್ದು ದೊಡ್ಡ ಸರ್ವಿಸ್ ಸೆಂಟರಿಗೆ. ಅಲ್ಲಿ ಕಾಫಿ ಚೆನ್ನಾಗಿರುತ್ತದೆ. ಟ್ಯಾಬ್ ಹಿಡಿದ ಹುಡುಗ ಬಾನೆಟ್ ಕೂಡ ಎತ್ತಲಿಲ್ಲ. "ಕೋಡ್ ಬಂದಿದೆ ಅಂದ್ರೆ ಸೆನ್ಸರ್ ಹೋಗಿದೆ ಅಂತಾನೇ ಸಾರ್" ಅಂದು ಸೆನ್ಸರ್, ಇಂಜೆಕ್ಟರ್ ಕ್ಲೀನಿಂಗ್ ಎಲ್ಲ ಸೇರಿಸಿ 14 ಸಾವಿರದ ಎಸ್ಟಿಮೇಟ್ ಕೈಗಿಟ್ಟ. ಭಾವಮೈದ ಪಕ್ಕದಲ್ಲಿ ತಲೆ ಆಡಿಸುತ್ತಿದ್ದ. ಆ ಕೋಡ್ ಹೇಳೋದು ಲೀನ್ ಅಂತ ಮಾತ್ರ, ಯಾಕೆ ಅಂತ ಅಲ್ಲ. ಅಷ್ಟು ಸುಲಭಕ್ಕೆ 14 ಸಾವಿರ ಬಿಚ್ಚೋಕೆ ನನಗೆ ಮನಸ್ಸು ಬರಲಿಲ್ಲ.

ಹಾಗೆ ಈ ಗ್ಯಾರೇಜಿಗೆ ಬಂದೆ. ಯಜಮಾನರು ಮೊದಲು ಕಾರ್ಬ್ ಕ್ಲೀನರ್ ಸ್ಪ್ರೇ ಹಿಡಿದು ವ್ಯಾಕ್ಯೂಮ್ ಹೋಸುಗಳ, ಅಂದರೆ ಎಂಜಿನ್ ಗಾಳಿ ಎಳೆಯುವ ಕಡೆಯ ರಬ್ಬರ್ ಕೊಳವೆಗಳ, ಮೇಲೆಲ್ಲ ಹೊಡೆದರು. ಎಲ್ಲಾದರೂ ಬಿರುಕಿದ್ದರೆ ಎಂಜಿನ್ ಅದನ್ನೂ ಎಳೆದುಕೊಳ್ಳುತ್ತದೆ, ಸದ್ದು ಬದಲಾಗುತ್ತದೆ. ಏನೂ ಆಗಲಿಲ್ಲ. ಆಮೇಲೆ ಪ್ಲಗ್ ಬಿಚ್ಚಿದ್ದು. ಪ್ಲಗ್ ನೋಡಿದ ಮೇಲೆ ಅವರು ಜಾಸ್ತಿ ಮಾತಾಡಲಿಲ್ಲ, "ಗಾಡಿ ರಾತ್ರಿ ಇಲ್ಲೇ ಇರಲಿ, ಬೆಳಿಗ್ಗೆ ತಣ್ಣಗಿದ್ದಾಗ ನೋಡೋಣ" ಅಂದರು ಅಷ್ಟೇ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಅಂತ ಸಣ್ಣ ಸದ್ದು. ದಿನಾ ಕೇಳುತ್ತಿದ್ದೆ, ಹಳೇ ಗಾಡಿ ಅಲ್ವಾ ಅಂತ ಸುಮ್ನಿದ್ದೆ. ಬಿಸಿಯಾದ ಮೇಲೆ ಲೋಹ ಹಿಗ್ಗಿ ಸದ್ದು ಅಡಗಿಹೋಗುತ್ತದಂತೆ. ಹುಡುಗನೊಬ್ಬ ಸೈಲೆನ್ಸರ್ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದ. ಎಂಜಿನ್ನಿನಿಂದ ಹೊಗೆ ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸಂದಿಗೆ ಯಜಮಾನರು ಸೋಪಿನ ನೀರು ಸುರಿದರು. ಕೊನೆಯ ಸಿಲಿಂಡರ್ ಹತ್ತಿರ ಬುರುಗು ಗುಳುಗುಳು ಎದ್ದಿತು. ಟಾರ್ಚ್ ಬಿಟ್ಟು ನೋಡಿದರೆ ಆ ಸಂದಿ ಮುಚ್ಚುವ ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಗೆರೆ, ಅದನ್ನು ಬಿಗಿಹಿಡಿಯುವ ಪಕ್ಕದ ಸ್ಟಡ್ (ಬೋಲ್ಟು) ತುಂಡಾಗಿತ್ತು.

ಹೊಗೆ ಒಂದೇ ಸಮ ಬರಲ್ಲ, ಬಿಟ್ಟು ಬಿಟ್ಟು ಬರುತ್ತದೆ. ಎರಡು ಹೊಡೆತದ ನಡುವೆ ಆ ಸಂದಿಯಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತಿತ್ತು. ಸೆನ್ಸರ್ ಕಂಡಿದ್ದನ್ನೇ ಹೇಳಿತ್ತು. ಆದರೆ ಆ ಆಕ್ಸಿಜನ್ ಎಂಜಿನ್ನಿನಿಂದ ಬಂದದ್ದಲ್ಲ. ಅದನ್ನು ನಂಬಿ ಇಸಿಯು ಪೆಟ್ರೋಲ್ ಸುರಿದಿದ್ದೇ ಸುರಿದಿದ್ದು. ಹೊಸ ಸೆನ್ಸರ್ ಹಾಕಿಸಿದ್ದರೂ ಅದೇ 22 ತೋರಿಸುತ್ತಿತ್ತು. ಆಗ ಸರ್ವಿಸ್ ಸೆಂಟರಿನವರು ಫ್ಯುಯೆಲ್ ಪಂಪ್ ಚೇಂಜ್ ಮಾಡಿ ಅನ್ನುತ್ತಿದ್ದರೇನೋ.

ಗ್ಯಾಸ್ಕೆಟ್ ಬದಲಾಯಿಸಿ, ಪ್ಲಗ್ ಉಜ್ಜಿ, ಕೋಡ್ ಅಳಿಸಿ ಓಡಿಸಿದ ಮೇಲೆ ಈಗ ಪ್ಲಸ್ 3. ಭಾವಮೈದ ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದಾನೆ, ತಾನೇ ರಿಪೇರಿ ಮಾಡಿದವನ ಹಾಗೆ.

ಆ ಟ್ಯಾಬ್ ಹುಡುಗನ ಮೇಲೆ ನನಗೆ ಈಗ ಅಷ್ಟೇನೂ ಸಿಟ್ಟಿಲ್ಲ. ಅವನ ಬಿಲ್ಲಿನಲ್ಲಿ ಪಾರ್ಟ್‌ಗೆ ಒಂದು ಸಾಲಿದೆ, ಬಿಚ್ಚಿ ಹಾಕೋದಕ್ಕೆ ಒಂದು ಸಾಲಿದೆ, ತಣ್ಣಗಿನ ಎಂಜಿನ್ ಮುಂದೆ ಕಿವಿಗೊಟ್ಟು ನಿಲ್ಲೋದಕ್ಕೆ ಸಾಲೇ ಇಲ್ಲ. ನಾವೂ ಅಷ್ಟೆ. ಗಾಡಿ ವಾಪಸ್ ತಗೊಳ್ಳುವಾಗ "ಏನು ಚೇಂಜ್ ಮಾಡಿದ್ರಿ" ಅಂತ ಕೇಳುತ್ತೇವೆ. ಏನೂ ಚೇಂಜ್ ಮಾಡಿಲ್ಲ, ಬರೀ ಹುಡುಕಿದೆ ಅಂದರೆ ಮುಖ ಸಿಂಡರಿಸುತ್ತೇವೆ. ಹೀಗಿದ್ದ ಮೇಲೆ ಯಾರಾದರೂ ಯಾಕೆ ಹುಡುಕುತ್ತಾರೆ?

ಯಜಮಾನರ ಬಿಲ್ 1,900. ಗ್ಯಾಸ್ಕೆಟ್, ಸ್ಟಡ್, ಕೂಲಿ. "ಅಣ್ಣ, ಬೆಳಿಗ್ಗೆ ಅಷ್ಟೊತ್ತು ನೋಡಿದ್ದಕ್ಕೆ ಏನೂ ಹಾಕೇ ಇಲ್ವಲ್ಲ" ಅಂದೆ. "ನೋಡಿದ್ದಕ್ಕೆಲ್ಲ ದುಡ್ಡು ಹಾಕಿದ್ರೆ ನೀವು ಮತ್ತೆ ಬರ್ತೀರಾ ಸಾರ್?" ಅಂತ ನಕ್ಕರು. ಒತ್ತಾಯ ಮಾಡಿ 500 ಜಾಸ್ತಿ ಕೊಟ್ಟೆ. ಸುಮ್ನೆ ತಗೊಳ್ಳೋಕೆ ಅವರಿಗೆ ಮುಜುಗರ. ಪೆನ್ನು ಹುಡುಕಿ ಬಿಲ್ಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ವಾಟರ್ ವಾಶ್, 500. ಗಾಡಿ ಮಾತ್ರ ಮೈತುಂಬ ಧೂಳು ಹೊತ್ತೇ ಮನೆಗೆ ಬಂತು.