ಆಯಿಯ ಕೈ ಮರೆತಿಲ್ಲ

ಶಿರಸಿಯ ಮನೆಯಂಗಳದಲ್ಲಿ ಆಯಿ ಇಂದೂ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆಯನ್ನು ಒಂದೂ ಗಾಯವಾಗದಂತೆ ಸುಲಿಯುತ್ತಿದ್ದಳು, ನಡುವೆ ತಲೆಯೆತ್ತಿ, "ತಮಾ, ನೀ ಯಾರ ಮನೆ ಮಾಣಿ?" ಎಂದು ನನ್ನನ್ನೇ ಕೇಳಿದಳು.

ಆಯಿಗೆ ನೆನಪು ಅಳಿಸುವ ಆಲ್‌ಝೈಮರ್ ಕಾಯಿಲೆ. ನರಕೋಶದೊಳಗಿನ ಸಾಗಾಟಕ್ಕೆ ಹಳಿಗಳಂತಿರುವ ಸೂಕ್ಷ್ಮನಾಳಗಳನ್ನು ಟೌ ಎಂಬ ಪ್ರೋಟೀನು ಭದ್ರವಾಗಿ ಹಿಡಿದಿರುತ್ತದೆ. ಆರೋಗ್ಯವಂತ ಮಿದುಳಿನಲ್ಲಿ ಟೌ ಅಣುವೊಂದಕ್ಕೆ ಸರಾಸರಿ 2-3 ಫಾಸ್ಫೇಟುಗಳು (ರಂಜಕವಿರುವ ಪುಟ್ಟ ರಾಸಾಯನಿಕ ಗುಂಪುಗಳು) ಅಂಟಿಕೊಂಡಿದ್ದರೆ, ಈ ಕಾಯಿಲೆಯಲ್ಲಿ ಅದರ 3-4 ಪಟ್ಟು ಅಂಟಿಕೊಂಡು, ಟೌ ನಾಳದಿಂದ ಕಳಚಿ, ತನ್ನಂಥವುಗಳೊಡನೆ ಹೆಣೆದು ಗಂಟಾಗುತ್ತದೆ. 1906ರಲ್ಲಿ ಜರ್ಮನ್ ವೈದ್ಯ ಅಲೋಯಿಸ್ ಆಲ್‌ಝೈಮರ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ವರದಿ ಮಾಡಿದಾಗ ಅದರಲ್ಲಿ ಈ ಗಂಟುಗಳೂ ಇದ್ದವು. ಹೊಸ ನೆನಪು ಕಟ್ಟುವ ಭಾಗಗಳು ಮೊದಲು ಸೊರಗುತ್ತವೆ. ಕೈಯ ಅಭ್ಯಾಸ ಬಹುಕಾಲ ಉಳಿಯುತ್ತದೆ, ಅದೇ ನನಗೆ ದೊಡ್ಡ ಸಮಾಧಾನ.

ನಾನು ಹೆಸರು ಹೇಳಿದೆ. ಆಯಿ ಸುಲಿದ ಅಡಿಕೆಯೊಂದನ್ನು ನನ್ನ ಅಂಗೈಯಲ್ಲಿಟ್ಟಳು.