ಫಿಲ್ಮ್‌ಫೇರ್ ಸಮಾರಂಭಕ್ಕೆ ಹೊರಟವರಿಗೆ

ಫಿಲ್ಮ್‌ಫೇರ್ ಅಂದರೆ ಮುಂಬೈ ಎಂದುಕೊಂಡು ಟಿಕೆಟ್ ತೆಗೆಸಿಬಿಡಬೇಡಿ. 1954ರಲ್ಲಿ ಮುಂಬೈನ ಮೆಟ್ರೋ ಚಿತ್ರಮಂದಿರದಲ್ಲಿ ಶುರುವಾದ ಈ ಹಿಂದಿ ಸಿನಿಮಾ ಪ್ರಶಸ್ತಿ ಸಮಾರಂಭ 2020ರಲ್ಲಿ ಗುವಾಹಟಿಯಲ್ಲಿ ನಡೆಯಿತು, 2024ರ ಜನವರಿಯಲ್ಲಿ ಗುಜರಾತಿನ ಗಾಂಧಿನಗರದ ಗಿಫ್ಟ್ ಸಿಟಿಯಲ್ಲಿ. ನಾನು ಹೋಗಿದ್ದು 70ನೆಯದಕ್ಕೆ: 2025ರ ಅಕ್ಟೋಬರ್ 11, ಅಹಮದಾಬಾದಿನ ಕಾಂಕರಿಯಾ ಬಳಿಯ ಏಕಾ ಅರೀನಾ ಕ್ರೀಡಾಂಗಣ. ಊರೂ ತಿಂಗಳೂ ಬದಲಾಗುತ್ತಲೇ ಇರುತ್ತವೆ, ಪ್ರಕಟಣೆ ಬಂದಮೇಲೆಯೇ ರೈಲು, ರೂಮು ನೋಡಿ.

ಮತ್ತೆ ಏಕಾ ಅರೀನಾದಲ್ಲೇ ನಡೆದರೆ ರೂಮನ್ನು ಕಾಂಕರಿಯಾ ಸುತ್ತಮುತ್ತಲೇ ಹಿಡಿಯಿರಿ. ಹೋಗುವಾಗ ಮೆಟ್ರೋ ಸುಲಭ, ಕಾಂಕರಿಯಾ ಈಸ್ಟ್ ನಿಲ್ದಾಣವಿದೆ. ಆದರೆ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಮೆಟ್ರೋ ನಿಂತಿರುತ್ತದೆ, ಸಾವಿರಾರು ಜನ ಒಟ್ಟಿಗೆ ಆಟೋ ಹುಡುಕುತ್ತಾರೆ. ನಡೆದು ಹೋಗುವಷ್ಟು ದೂರದಲ್ಲಿ ಹಾಸಿಗೆ ಇದ್ದರೆ ಅದಕ್ಕಿಂತ ಸುಖವಿಲ್ಲ.

ಟಿವಿಯಲ್ಲಿ ನೋಡಿದ್ದು ಕತ್ತರಿಸಿ ಜೋಡಿಸಿದ ಸಮಾರಂಭ. ಅಲ್ಲಿ ಕೂತು ನೋಡುವಾಗ ನಡುನಡುವೆ ದೀರ್ಘ ಬಿಡುವು. ನನಗಂತೂ ಆ ಬಿಡುವುಗಳೇ ಹೆಚ್ಚು ಇಷ್ಟವಾದವು. ದೀಪ ಆರಿದ ಕೂಡಲೇ ಕಪ್ಪಂಗಿಯ ಹುಡುಗರು ಓಡಿಬಂದು ನೆಲ ಒರೆಸುತ್ತಾರೆ, ಗುರುತಿನ ಟೇಪು ಅಂಟಿಸುತ್ತಾರೆ. ಪಕ್ಕದ ಕತ್ತಲಲ್ಲಿ ನೃತ್ಯದವರು ಸದ್ದಿಲ್ಲದೆ ಹೆಜ್ಜೆ ಎಣಿಸುತ್ತಿರುತ್ತಾರೆ. ಶಾರುಖ್ ಮತ್ತು ಕಾಜೋಲ್ ಕುಣಿದಾಗ ಇಡೀ ಸಭಾಂಗಣ ಎದ್ದು ನಿಂತಿತು, ನಾನೂ ನಿಂತೆ. 'ಲಾಪತಾ ಲೇಡೀಸ್' 13 ಪ್ರಶಸ್ತಿ ಬಾಚಿಕೊಂಡ ರಾತ್ರಿ ಅದು. ದೊಡ್ಡ ತಾರೆಯರ ಬಲವಿಲ್ಲದ ಹಳ್ಳಿಗಾಡಿನ ಕಥೆಗೆ ಅಷ್ಟು ಚಪ್ಪಾಳೆ ಬಿದ್ದದ್ದು ಕಂಡು ಮನಸ್ಸು ತುಂಬಿತು.

ಹಿಂದಿನ ಸಾಲುಗಳಲ್ಲಿ ಕೂತರೆ ಮುಖಗಳು ಪರದೆಯಲ್ಲಷ್ಟೇ ಕಾಣುತ್ತವೆ. ಕೈಲಾದರೆ ಒಂದು ದರ್ಜೆ ಮೇಲಿನ ಟಿಕೆಟ್ ಕೊಳ್ಳಿ, ಉಳಿತಾಯವನ್ನು ಹೋಟೆಲಿನಲ್ಲಿ ಮಾಡಿ. ಸಂಕಲನ, ಧ್ವನಿಯಂಥ ತಾಂತ್ರಿಕ ಪ್ರಶಸ್ತಿಗಳನ್ನು ಕೆಲವು ವರ್ಷಗಳಲ್ಲಿ ಮುಖ್ಯ ಸಮಾರಂಭದ ಮುನ್ನಾದಿನವೇ ಬೇರೆ ಕಡೆ ಕೊಡುತ್ತಾರೆ. 2024ರಲ್ಲಿ ಹಾಗೇ ಆಗಿತ್ತು. ಸಿನಿಮಾ ಕಟ್ಟುವವರ ಮೇಲೆ ಪ್ರೀತಿ ಇದ್ದರೆ ಅದರ ವೇಳಾಪಟ್ಟಿಯನ್ನೂ ವಿಚಾರಿಸಿ.

ಸಂಜೆ ಹೊಟ್ಟೆ ತುಂಬ ತಿಂದೇ ಒಳಗೆ ಹೋಗಿ, ಊಟದ ಹೊತ್ತೆಲ್ಲ ಕುರ್ಚಿಯಲ್ಲೇ ಕಳೆಯುತ್ತದೆ. ಹೊರಬಂದ ಮೇಲೆ ಹಸಿವಾದರೆ ಮಾಣೆಕ್ ಚೌಕ್ ಇದೆ. ಹಗಲು ಚಿನ್ನಬೆಳ್ಳಿ ಮಾರುವ ಆ ಚೌಕ ರಾತ್ರಿ ತಿಂಡಿ ಬೀದಿಯಾಗುತ್ತದೆ, ತಡವಾದರೂ ಒಲೆ ಉರಿಯುತ್ತಿರುತ್ತದೆ. ಮರುದಿನಕ್ಕೆ ಕಾಂಕರಿಯಾ ಕೆರೆ ಇಟ್ಟುಕೊಳ್ಳಿ. ಸೋಮವಾರ ಮಾತ್ರ ಅದಕ್ಕೆ ರಜೆ.