ಅಡಿಕೆ ಮನೆಗೆ ವೈಫೈ: ಮೂರು ವಾರದ ಲೆಕ್ಕ

ಮೊದಲ ವಾರ

ತೀರ್ಥಹಳ್ಳಿ ಹತ್ತಿರದ ಹಳೆ ಮನೆ ನಮ್ಮದು. ರೂಟರ್ ಜಗಲಿಯಲ್ಲಿದೆ. ಅಡಿಕೆ ಸುಲಿಯುವ ಮನೆ ಅಲ್ಲಿಂದ 60 ಮೀಟರ್ ಆಚೆ. ನಡುವೆ ದಪ್ಪ ಮಣ್ಣಿನ ಗೋಡೆ, ಹಲಸಿನ ಮರ. ಸಿಗ್ನಲ್ ಅಂಗಳ ದಾಟುವುದಿಲ್ಲ. ಕೊಯ್ಲಿನ ಸಮಯದಲ್ಲಿ ಸುಲಿಯಲು ಬಂದವರೆಲ್ಲ ಫೋನ್ ಹಿಡಿದು ಜಗಲಿಗೇ ಬರಬೇಕು. ಸುಲಿಯುವ ಮನೆಯಲ್ಲೇ ಒಂದು ಆಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದ ಇಂಟರ್ನೆಟ್ಟನ್ನು ವೈಫೈ ಮಾಡಿ ಹರಡುವ ಪೆಟ್ಟಿಗೆ) ಇಡೋಣ ಅಂದುಕೊಂಡೆ.

ತಾಮ್ರದ ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ. ಆದರೂ ಧೈರ್ಯ ಬರಲಿಲ್ಲ. ಹೋದ ಏಪ್ರಿಲ್‌ನಲ್ಲಿ ಕೊಟ್ಟಿಗೆಗೆ ಎಳೆದಿದ್ದ ಕೇಬಲ್ ಹಿಡಿದೇ ಸಿಡಿಲು ಒಳಗೆ ಬಂದು ರೂಟರ್ ಸುಟ್ಟಿತ್ತು. ಸಿಡಿಲು ನೇರ ಬಡಿಯಬೇಕೆಂದೇನಿಲ್ಲ, ಹತ್ತಿರ ಹೊಡೆದರೂ ಉದ್ದದ ತಂತಿಯಲ್ಲಿ ವೋಲ್ಟೇಜ್ ಏರುತ್ತದೆ. ಹಾಗಾಗಿ ಈ ಸಲ ಫೈಬರ್, ಅಂದರೆ ಗಾಜಿನ ಎಳೆಯ ಕೇಬಲ್. ಅದರಲ್ಲಿ ಹೋಗುವುದು ಬರೀ ಬೆಳಕು. ಕೊಳ್ಳುವಾಗ ಮಾತ್ರ ಕೇಳಿ ನೋಡಿ: ಮನೆಗೆ ಎಳೆಯುವ ಎಷ್ಟೋ ಫೈಬರ್ ಕೇಬಲ್‌ಗಳಲ್ಲಿ (ಡ್ರಾಪ್ ಕೇಬಲ್) ಆಧಾರಕ್ಕೆ ಉಕ್ಕಿನ ತಂತಿ ಇರುತ್ತದೆ. ಅದನ್ನು ಎಳೆದರೆ ಮತ್ತೆ ಅದೇ ಕಥೆ. ಲೋಹವೇ ಇಲ್ಲದ್ದೂ ಸಿಗುತ್ತದೆ.

ಎರಡನೇ ವಾರ

ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ವಿದ್ಯುತ್ ಸಿಗ್ನಲ್ಲನ್ನು ಬೆಳಕಾಗಿ, ಬೆಳಕನ್ನು ಮತ್ತೆ ಸಿಗ್ನಲ್ಲಾಗಿ ಬದಲಿಸುವ ಡಬ್ಬಿ) ಹಾಕಿದೆ. ಲಿಂಕ್ ದೀಪ ಹತ್ತಲೇ ಇಲ್ಲ. ಎರಡು ದಿನ ಸುಮ್ನೆ ಕೇಬಲ್ ಬೈದೆ. ಆಮೇಲೆ ಡಬ್ಬಿಯ ಹಿಂದೆ ಓದಿದರೆ ಎರಡೂ 'ಎ'! ಒಂದೇ ಎಳೆಯ ಫೈಬರ್‌ನಲ್ಲಿ 'ಎ' 1310 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನಲ್ಲಿ ಕಳಿಸಿ 1550ರಲ್ಲಿ ಕೇಳುತ್ತದೆ. 'ಬಿ' ಅದರ ಉಲ್ಟಾ. ನನ್ನವೆರಡೂ 1310ರಲ್ಲೇ ಕೂಗುತ್ತಿದ್ದವು, ಕೇಳುವವರು ಯಾರೂ ಇಲ್ಲ. ಬದಲಾಯಿಸಲು ಮತ್ತೆ ಶಿವಮೊಗ್ಗದ ಬಸ್ಸು, ಒಂದು ದಿನ ಹೋಯಿತು. "ಇಷ್ಟೊತ್ತಿಗೆ ಒಂದು ಚೀಲ ಅಡಿಕೆ ಸುಲೀಬೋದಿತ್ತು ಮಾರಾಯ" ಅಂದರು ಅಪ್ಪಯ್ಯ.

ಮೂರನೇ ವಾರ

ಆಕ್ಸೆಸ್ ಪಾಯಿಂಟ್ ಅಂದರೆ ಅಟ್ಟದಲ್ಲಿದ್ದ ಹಳೆ ರೂಟರೇ. ಅದಕ್ಕೆ ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗೆ ಹಾಕುವ ಉಚಿತ ಸಾಫ್ಟ್‌ವೇರ್) ಹಾಕಿ, ವಿಳಾಸ 192.168.1.2 ಕೊಟ್ಟು, ಮನೆ ನೆಟ್‌ವರ್ಕ್ ಕಡೆಯ ಡಿಎಚ್‌ಸಿಪಿ (ಸೇರಿದ ಫೋನ್‌ಗಳಿಗೆ ವಿಳಾಸ ಹಂಚುವ ಕೆಲಸ) ನಿಲ್ಲಿಸಿದೆ. ಒಂದೇ ನೆಟ್‌ವರ್ಕಿನಲ್ಲಿ ಇಬ್ಬರು ವಿಳಾಸ ಹಂಚಿದರೆ ಗೊಂದಲ ಗ್ಯಾರಂಟಿ. ಸುತ್ತ ಬೇರೆ ವೈಫೈ ಇಲ್ಲ, ಚಾನೆಲ್ 1 ಇಟ್ಟು ಮರೆತೆ.

ಜಗಲಿಯ ರೂಟರ್‌ನಲ್ಲಿ ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಬದಲು ಬಟನ್ ಅಥವಾ ಪಿನ್‌ನಿಂದ ಸೇರುವ ವ್ಯವಸ್ಥೆ) ಆನ್ ಇತ್ತು, ಮೊದಲು ಅದನ್ನು ಆಫ್ ಮಾಡಿದೆ. ಅದರ ಪಿನ್ 8 ಅಂಕಿಯದ್ದು, ಆದರೆ ಕೊನೆಯ ಅಂಕಿ ಬರೀ ತಾಳೆ ನೋಡಲು, ಮೇಲಿಂದ ಎರಡು ಭಾಗವಾಗಿ ಪರೀಕ್ಷೆ ಮಾಡುತ್ತದೆ. ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಸಾಕು, ಪಿನ್ ಸಿಗುತ್ತದೆ. ಇದು 2011ರಲ್ಲೇ ಬಯಲಾದ ವಿಷಯ. ಪಾಸ್‌ವರ್ಡ್ ಮನೆ ಹೆಸರು ಮತ್ತು 123 ಆಗಿತ್ತು, ನಾಚಿಕೆಗೇಡು. ಈಗ ಸಂಬಂಧವಿಲ್ಲದ ಐದು ಪದ. ವೈಫೈ ಕಾಯುವ ಹೊಸ ವಿಧಾನ ಡಬ್ಲ್ಯುಪಿಎ3 ಒಂದೇ ಇಟ್ಟರೆ ಅಪ್ಪಯ್ಯನ ಹಳೆ ಫೋನ್ ಸೇರಲಿಲ್ಲ, ಹಿಂದಿನ ಡಬ್ಲ್ಯುಪಿಎ2 ಜೊತೆ ಬೆರೆಸಿ ಇಟ್ಟೆ. ವೈಫೈ ಹೆಸರು ಬಚ್ಚಿಡುವ ಗೋಜಿಗೆ ಹೋಗಲಿಲ್ಲ. ಫೋನ್ ಸೇರುವಾಗ ಹೆಸರು ಹೇಗೂ ಗಾಳಿಯಲ್ಲಿ ಹೋಗುತ್ತದೆ.

ಸುಲಿಯಲು ಬರುವವರಿಗೆ ಗೆಸ್ಟ್ ಹೆಸರಿನ ಬೇರೆ ವೈಫೈ ಮಾಡಿದೆ. ಬೇರೆ ಹೆಸರಿದ್ದರೆ ಬೇರೆ ನೆಟ್‌ವರ್ಕ್ ಅಂದುಕೊಂಡಿದ್ದೆ. ಅದಕ್ಕೆ ಸೇರಿ ಬ್ರೌಸರ್‌ನಲ್ಲಿ 192.168.1.1 ಒತ್ತಿದರೆ ಜಗಲಿಯ ರೂಟರ್‌ನ ಲಾಗಿನ್ ಪುಟವೇ ಬಂತು! ಎರಡು ಹೆಸರನ್ನೂ ಹಳೆ ರೂಟರ್ ಒಂದೇ ಸೇತುವೆಗೆ ಕಟ್ಟಿತ್ತು, ನಡುವೆ ಬೇಲಿಯೇ ಇಲ್ಲ. ಗೆಸ್ಟ್‌ಗೆ 192.168.20 ಸಾಲಿನ ಪ್ರತ್ಯೇಕ ವಿಳಾಸ, ಅದಕ್ಕೆ ಮಾತ್ರ ಡಿಎಚ್‌ಸಿಪಿ, ಫೈರ್‌ವಾಲ್‌ನಲ್ಲಿ (ಯಾರು ಎಲ್ಲಿಗೆ ಹೋಗಬಹುದೆಂದು ಕಾಯುವ ಭಾಗ) ಮನೆ ಕಡೆಯ ವಿಳಾಸಗಳಿಗೆ ತಡೆ, ಇಷ್ಟು ಮಾಡಿದೆ. ಈಗ ಯೂಟ್ಯೂಬ್ ಬರುತ್ತದೆ, ಲಾಗಿನ್ ಪುಟ ಬರುವುದಿಲ್ಲ.

ಗೆಸ್ಟ್ ಪಾಸ್‌ವರ್ಡನ್ನು ಅಪ್ಪಯ್ಯ ಆಗಲೇ ಸುಲಿಯುವ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ. ಅದು ಪರವಾಗಿಲ್ಲ. ಮನೆಯದ್ದನ್ನು ಮಾತ್ರ ಕ್ಯಾಲೆಂಡರ್ ಮೇಲಿಂದ ಅಳಿಸಿ ಬಂದೆ. ಬಾಕಿ ಇರುವುದು ಒಂದು 12 ವೋಲ್ಟ್ ಬ್ಯಾಟರಿ. ಮಳೆ ಹಿಡಿದರೆ ನಮ್ಮಲ್ಲಿ ಕರೆಂಟ್ ಇರುವುದೇ ಅಪರೂಪ ಅಲ್ವಾ.